ಗಾಯ ಮಾಗುವ ಮುನ್ನ ವಿಮಾನವೇರುವವರು

ವಡಾಲ ಮತ್ತು ಮಾಟುಂಗಾಗಳ ಎಲ್ಲೆಯಲ್ಲಿರುವ ಫೈವ್ ಗಾರ್ಡನ್ಸ್‌ಗೆ ಬೆಳಗಿನ ಐದೂವರೆ ಗಂಟೆಗೆ ಹೋಗಿ ನಿಂತವರಿಗೆ ಕಾಲ ಬದಲಾಗಿರುವುದು ತಾನಾಗಿಯೇ ಗೋಚರಿಸುತ್ತದೆ. ಹಿಂದೆ ಆ ವೇಳೆಯಲ್ಲಿ ಅಲ್ಲಿ ಕಾಣಸಿಗುತ್ತಿದ್ದವರು ವೈದ್ಯರ ಅಪ್ಪಣೆಗೆ ತಲೆಬಾಗಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ಊರ ಸುದ್ದಿ ಮಾತನಾಡುತ್ತ ಸುತ್ತು ಹಾಕುವ ನಿವೃತ್ತರು. ಇಂದು ಅವರನ್ನು ಬದಿಗೆ ಸರಿಸಿ ಓಡುವವರು ನಲವತ್ತು ದಾಟಿದ ಗುಮಾಸ್ತರು, ಅಧಿಕಾರಿಗಳು, ಲೆಕ್ಕ ಪರಿಶೋಧಕರು. 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದಂದಿನಿಂದ ಬೆಳೆಯುತ್ತ ಬಂದ ಈ ಉತ್ಸಾಹಕ್ಕೆ ಈಗ ಬರಿಯ ಓಟ ಸಾಲದಾಗಿದೆ. ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಕಾದ ಟ್ರಯತ್ಲಾನ್, ಅದರಲ್ಲಿಯೂ ‘ಐರನ್‌ಮ್ಯಾನ್’ ಎಂಬ ದೀರ್ಘ ಸ್ಪರ್ಧೆ, ಅದರಲ್ಲಿಯೂ ವಿದೇಶದ್ದು, ಅನೇಕರ ಹಂಬಲವಾಗಿದೆ.

ಹಂಬಲವು ಹಾಸ್ಯಕ್ಕೆ ತಕ್ಕುದಲ್ಲ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಮನೆಮನೆಯ ನೆಂಟರಾಗಿರುವಾಗ ಮಧ್ಯವಯಸ್ಕನೊಬ್ಬ ಕುರ್ಚಿ ಬಿಟ್ಟೆದ್ದು ಓಡುವುದು ಮೆಚ್ಚತಕ್ಕ ಸಂಗತಿಯೇ ಸರಿ. ಇಲ್ಲಿ ವಿಚಾರ ಮಾಡಬೇಕಾಗಿರುವುದು ಬೇರೊಂದು. ಗಾಯಗೊಂಡವನು ಯಾವಾಗ ಮರಳಬೇಕು? ಆ ದಿನವನ್ನು ಗೊತ್ತುಮಾಡಬೇಕಾದವರು ಯಾರು?

ಮೊದಲು ಸ್ಪರ್ಧೆಯ ಸ್ವರೂಪವನ್ನು ನೋಡಬೇಕು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್ ಓಟ. ಇಷ್ಟನ್ನೂ ಸಾಮಾನ್ಯವಾಗಿ 16-17 ಗಂಟೆಗಳೊಳಗೆ ಮುಗಿಸಬೇಕು. 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಇದು ಮೊದಲ ಬಾರಿಗೆ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಎರಡನೆಯವನಾಗಿ ಬಂದವನ ಸಹಾಯಕರ ಬಳಿ ದಾರಿಯಲ್ಲಿ ನೀರು ತೀರಿಹೋಗಿ, ಅವರು ಅವನಿಗೆ ಬಿಯರ್ ಕುಡಿಸಿದರಂತೆ! ಆರಂಭದ ಆ ಹುಡುಗಾಟ ಇಂದು ಉಳಿದಿಲ್ಲ. ಈಗ ಅದೊಂದು ಜಾಗತಿಕ ವ್ಯವಹಾರ. ತಿಂಗಳುಗಳ ಮುಂಚೆಯೇ ವಿದೇಶಿ ಹಣದಲ್ಲಿ ಶುಲ್ಕ ಸಲ್ಲಿಸಿ ಸ್ಥಾನ ಕಾದಿರಿಸಬೇಕು.

ಮಾದರಿಯೆಂದು ಹೇಳಿಕೊಳ್ಳಲು ಹೆಸರುಗಳಿಗೆ ಕೊರತೆಯಿಲ್ಲ. ನೈರುತ್ಯ ರೈಲ್ವೆಯ ಹಣಕಾಸು ವಿಭಾಗದ ಅಧಿಕಾರಿ ಶ್ರೇಯಸ್ ಹೊಸೂರರು 2022ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಈ ಸ್ಪರ್ಧೆಯನ್ನು 13 ಗಂಟೆ 26 ನಿಮಿಷಗಳಲ್ಲಿ ಪೂರೈಸಿದರು. ಲೆಕ್ಕದ ಕಡತಗಳ ನಡುವೆ ದಿನ ಕಳೆಯುವವನಿಗೂ ಇದು ಸಾಧ್ಯವೆಂದು ಕನ್ನಡ ನಾಡಿನ ನೌಕರವರ್ಗ ಹೆಮ್ಮೆಪಟ್ಟದ್ದು ಸಹಜವೇ. ಮುಂಬಯಿಯ ಮಿಲಿಂದ್ ಸೋಮನ್ 2015ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಇದನ್ನು ಮುಗಿಸಿದಾಗ ಅವರ ವಯಸ್ಸು 49. ಆ ಅಂಕಿಯನ್ನು ಕಂಡು ಎಷ್ಟೋ ಜನ ಬೂಟು ಕೊಂಡರು. ಅವರು ಯೌವನದಲ್ಲಿಯೇ ರಾಷ್ಟ್ರಮಟ್ಟದ ಈಜು ಚಾಂಪಿಯನ್ ಆಗಿದ್ದರೆಂಬುದನ್ನು ಮಾತ್ರ ಬೂಟು ಕೊಂಡವರು ಅಷ್ಟಾಗಿ ಲಕ್ಷಿಸಿದಂತೆ ತೋರುವುದಿಲ್ಲ.

ಇನ್ನು ಒಬ್ಬ ಗೃಹಸ್ಥನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ವಯಸ್ಸು 45, ವಡಾಲದ ಒಂದು ಸೊಸೈಟಿಯ ಮೂರನೆಯ ಮಹಡಿಯಲ್ಲಿ ವಾಸ, ಮನೆಯ ಸಾಲದ ಕಂತು ಇನ್ನೂ ಹತ್ತು ವರ್ಷ ಬಾಕಿ, ಮಗಳು ಕಾಲೇಜಿನಲ್ಲಿ. ಎರಡು ವರ್ಷ ಶ್ರದ್ಧೆಯಿಂದ ಅಭ್ಯಾಸ ಮಾಡಿ ಯುರೋಪಿನ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದಾನೆ. ಮಳೆಗಾಲದ ಒಂದು ಮುಂಜಾನೆ ಬಂದರಿನ ಕಡೆಯ ರಸ್ತೆಯಲ್ಲಿ ಸೈಕಲ್ ಜಾರಿ ಬಿದ್ದು ಮೊಣಕಾಲಿನ ಲಿಗಮೆಂಟು ಹರಿಯುತ್ತದೆ. ಶಸ್ತ್ರಚಿಕಿತ್ಸೆಯಾಗುತ್ತದೆ. ಆರು ತಿಂಗಳಿಗೆ ನೋವಿಲ್ಲ. ಮೆಟ್ಟಿಲು ಹತ್ತುತ್ತಾನೆ, ನಿಧಾನವಾಗಿ ಓಡುತ್ತಾನೆ. ಸ್ಪರ್ಧೆಗೆ ಇನ್ನು ಒಂದು ತಿಂಗಳಿದೆ. ಶುಲ್ಕ ಕಟ್ಟಿಯಾಗಿದೆ, ವಿಮಾನದ ಟಿಕೇಟು ಬಂದಿದೆ, ವೀಸಾ ಸಿಕ್ಕಿದೆ, ಮೇಲಧಿಕಾರಿಯನ್ನು ಕಾಡಿ ಬೇಡಿ ರಜೆ ಮಂಜೂರಾಗಿದೆ. ಸೊಸೈಟಿಯ ಮಂದಿ ಲಿಫ್ಟಿನಲ್ಲಿ ಭೇಟಿಯಾದಾಗಲೆಲ್ಲ, “ಯಾವಾಗ ಹೊರಡೋಣ?” ಎಂದು ಕೇಳುತ್ತಾರೆ. ಹೋಗಬೇಕೇ, ಬೇಡವೇ?

ಹೆಚ್ಚಿನವರು ಹೋಗುತ್ತಾರೆ. “ಇಷ್ಟೆಲ್ಲ ಖರ್ಚು ಮಾಡಿ ಆಯಿತಲ್ಲ!” ಎಂಬ ಒಂದೇ ಮಾತು ಅವರನ್ನು ವಿಮಾನಕ್ಕೆ ಹತ್ತಿಸುತ್ತದೆ. ವಾಣಿಜ್ಯಶಾಸ್ತ್ರದ ಮೊದಲ ಪಾಠಗಳನ್ನು ಓದಿದವರಿಗೂ ಈ ತರ್ಕದ ದೋಷ ತಿಳಿಯದ ಸಂಗತಿಯಲ್ಲ. ಮರಳಿ ಬಾರದ ವೆಚ್ಚವನ್ನು ಮುಂದಿನ ನಿರ್ಣಯದ ಲೆಕ್ಕದಲ್ಲಿ ಹಿಡಿಯಬಾರದು. ಹೋದರೂ ಆ ಹಣ ಬಾರದು, ಹೋಗದಿದ್ದರೂ ಬಾರದು. ಮುಳುಗುತ್ತಿರುವ ಕಾರ್ಖಾನೆಗೆ ಹಳೆಯ ಸಾಲ ಮುಳುಗದಿರಲಿ ಎಂದು ಹೊಸ ಸಾಲ ಕೊಟ್ಟ ಬ್ಯಾಂಕುಗಳು ಎರಡನ್ನೂ ಕಳೆದುಕೊಂಡ ನಿದರ್ಶನಗಳು ಎಷ್ಟಿಲ್ಲ! ಕಚೇರಿಯಲ್ಲಿ ಇತರರ ಅರ್ಜಿಯ ಮೇಲೆ ಇದನ್ನು ಕೆಂಪು ಶಾಯಿಯಲ್ಲಿ ಬರೆಯಬಲ್ಲವನು ತನ್ನ ಮೊಣಕಾಲಿನ ವಿಷಯದಲ್ಲಿ ಮರೆತುಬಿಡುತ್ತಾನೆ. ಮೊಣಕಾಲು ಹೊಸ ಸಾಲ.

ಶರೀರದ ಲೆಕ್ಕಪುಸ್ತಕ ಒಂದೇ ಅಲ್ಲದಿರುವುದು ಈ ಭ್ರಮೆಗೆ ಮತ್ತೊಂದು ಕಾರಣ. ಹೃದಯ, ಶ್ವಾಸಕೋಶಗಳ ಶಕ್ತಿ ಕೆಲವು ವಾರಗಳ ಅಭ್ಯಾಸದಿಂದ ಬಹುಮಟ್ಟಿಗೆ ಮರಳುತ್ತದೆ. ಅದು ಚಾಲ್ತಿ ಖಾತೆಯಿದ್ದಂತೆ. ಸ್ನಾಯುಗಳೂ ರಕ್ತದ ಪೂರೈಕೆ ಹೇರಳವಾಗಿರುವುದರಿಂದ ಬೇಗ ಚೇತರಿಸಿಕೊಳ್ಳುತ್ತವೆ. ಎಲುಬನ್ನು ಎಲುಬಿಗೆ ಬಿಗಿಯುವ ಲಿಗಮೆಂಟು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಟೆಂಡನ್, ಕೀಲಿನೊಳಗಿನ ಮೃದ್ವಸ್ಥಿ ಇವುಗಳಿಗೆ ರಕ್ತ ಹರಿಯುವುದು ಅಲ್ಪ. ಇವು ದೀರ್ಘಾವಧಿಯ ಠೇವಣಿಗಳು. ಅವಧಿಗೆ ಮುನ್ನ ಮುರಿದರೆ ನಷ್ಟ ತಪ್ಪದು. ಹರಿದ ಲಿಗಮೆಂಟಿನ ಸ್ಥಾನದಲ್ಲಿ ಶಸ್ತ್ರವೈದ್ಯರು ಜೋಡಿಸಿದ ಹೊಸ ನಾರು ತನ್ನ ಬಲವನ್ನು ತಿಂಗಳುಗಟ್ಟಲೆ ಕಾಲದಲ್ಲಿ ಗಳಿಸಿಕೊಳ್ಳುತ್ತದೆ. ನೋವು ಅದಕ್ಕಿಂತ ಬಹಳ ಮೊದಲೇ ಅಡಗಿರುತ್ತದೆ. ಇಂತಹ ಚಿಕಿತ್ಸೆಯಾದ ಮೇಲೆ ಒಂಬತ್ತು ತಿಂಗಳಾದರೂ ಕಳೆಯುವ ಮುನ್ನ ಶ್ರಮದ ಆಟಗಳಿಗೆ ಮರಳಿದವರಲ್ಲಿ ಮೊಣಕಾಲು ಪುನಃ ಗಾಯಗೊಳ್ಳುವ ಸಂಭವ ಹೆಚ್ಚೆಂದು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ತಿಂಗಳ ಎಣಿಕೆಯೊಂದೇ ಸಾಲದು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿಗೆ ಸಮೀಪವಾಗಿದೆಯೇ ಎಂದು ಅಳೆದು ನೋಡಬೇಕಾಗುತ್ತದೆ. ಮ್ಯಾರಥಾನ್ ದೂರಕ್ಕೆ ಸುಮಾರು 40,000 ಹೆಜ್ಜೆಗಳು. ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲು ದೇಹದ ತೂಕದ ಹಲವು ಪಟ್ಟು ಭಾರವನ್ನು ಹೊರುತ್ತದೆ. ಅದೂ 180 ಕಿಲೋಮೀಟರ್ ಸೈಕಲ್ ತುಳಿದ ಮೇಲೆ.

ಕನ್ನಡಿಗರಿಗೆ ಈ ವಿಷಯದಲ್ಲಿ ಹವಾಯಿಯ ಉದಾಹರಣೆಯೇ ಬೇಕೆಂದಿಲ್ಲ. ಬೆಂಗಳೂರಿನ ಅನಿಲ್ ಕುಂಬ್ಳೆ ಅವರ ಬಾಳಿನಲ್ಲಿಯೇ ಎರಡು ಪುಟಗಳಿವೆ. ಒಂದು ಎಲ್ಲರಿಗೂ ಬಾಯಿಪಾಠ. 2002ರ ಮೇ ತಿಂಗಳಿನಲ್ಲಿ ಆಂಟಿಗಾದಲ್ಲಿ ಚೆಂಡು ಬಡಿದು ದವಡೆಯೆಲುಬು ಮುರಿದಿದ್ದರೂ ಅವರು ತಲೆಗೂ ಗಲ್ಲಕ್ಕೂ ಪಟ್ಟಿ ಸುತ್ತಿಸಿಕೊಂಡು 14 ಓವರು ಎಸೆದು ಲಾರಾ ಅವರ ವಿಕೆಟ್ ಪಡೆದರು. ಆ ಚಿತ್ರ ಇಂದಿಗೂ ಮನೆಮನೆಯ ನೆನಪಿನಲ್ಲಿದೆ. ಗಾಯಗೊಂಡೂ ಓಡಹೊರಟವರು ತಮ್ಮ ಸಮರ್ಥನೆಗೆ ಅದನ್ನೇ ಎತ್ತಿ ಹೇಳುವುದುಂಟು. ಎಸೆದದ್ದು ಹದಿನಾಲ್ಕು ಓವರು. ಬಳಿಕ ಅವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಟರು. ದವಡೆ ದೇಹದ ಭಾರ ಹೊರುವ ಎಲುಬೂ ಅಲ್ಲ.

ಎರಡನೆಯ ಪುಟ ಇದಕ್ಕೆ ಹಿಂದಿನದು, ಅದನ್ನು ತೆರೆಯುವವರು ಕಡಿಮೆ. 2000ದ ಕೊನೆಯ ಹೊತ್ತಿಗೆ ಅವರ ಬಲಭುಜ ಕೈಕೊಟ್ಟಿತ್ತು. ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆಯಾಯಿತು. 2001ರ ಆದಿಯಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ, ದೇಶವೇ ಉಸಿರು ಬಿಗಿಹಿಡಿದು ನೋಡಿದ ಆ ಮೂರು ಟೆಸ್ಟುಗಳಲ್ಲಿ ಅವರಿರಲಿಲ್ಲ. ಅವರಿಲ್ಲದ ತಂಡದಲ್ಲಿ ಯುವಕ ಹರ್ಭಜನ್ ಸಿಂಗ್ 32 ವಿಕೆಟ್ ಪಡೆದು ರಾಷ್ಟ್ರದ ಕಣ್ಮಣಿಯಾದರು. ಸ್ಪಿನ್ನರನೊಬ್ಬನ ಮನಸ್ಸಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇದ್ದೀತೇ? ತನ್ನ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿದ್ದಾನೆ, ಚೆನ್ನಾಗಿಯೇ ಕುಳಿತಿದ್ದಾನೆ. ವಯಸ್ಸು ಮೂವತ್ತು ದಾಟಿದೆ. ಕುಂಬ್ಳೆ ತಂಡಕ್ಕೆ ಮರಳಿದ್ದು ಆ ವರ್ಷದ ಅಕ್ಟೋಬರಿನಲ್ಲಿ. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್‌ಗಳ ಸಂಖ್ಯೆ 619. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಭುಜದ ಶಸ್ತ್ರಚಿಕಿತ್ಸೆಯ ನಂತರದ ಗಳಿಕೆ. ಆಂಟಿಗಾದ ಪಟ್ಟಿಯ ಚಿತ್ರವಿದೆ. ಆ ಮೌನದ ತಿಂಗಳುಗಳ ಚಿತ್ರವನ್ನು ಯಾರೂ ಗೋಡೆಗೆ ತೂಗುಹಾಕಿಲ್ಲ.

ಟ್ರಯತ್ಲಾನಿನ ಲೋಕದಲ್ಲಿಯೂ ಇಂತಹ ಒಬ್ಬನಿದ್ದಾನೆ. ಬ್ರಿಟನ್ನಿನ ಟಿಮ್ ಡಾನ್ 2017ರ ಮೇ ತಿಂಗಳಿನಲ್ಲಿ ಬ್ರೆಜಿಲ್ಲಿನಲ್ಲಿ ಐರನ್‌ಮ್ಯಾನ್ ದೂರವನ್ನು 7 ಗಂಟೆ 40 ನಿಮಿಷಗಳಲ್ಲಿ ಕ್ರಮಿಸಿ ಹೊಸ ದಾಖಲೆ ಸ್ಥಾಪಿಸಿದ್ದ. ಅದೇ ಅಕ್ಟೋಬರಿನಲ್ಲಿ ಹವಾಯಿಯ ಪ್ರಪಂಚ ಚಾಂಪಿಯನ್‌ಶಿಪ್‌ಗೆ ಕೆಲವೇ ದಿನಗಳಿರುವಾಗ ಸೈಕಲ್ ಅಭ್ಯಾಸದಲ್ಲಿ ವಾಹನವೊಂದು ಬಡಿದು ಕತ್ತಿನ ಎರಡನೆಯ ಕಶೇರುಕ ಮುರಿಯಿತು. ಕತ್ತಿನ ಎಲುಬುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದರೆ ಕತ್ತಿನ ತಿರುಗಾಟ ಕುಂಠಿತವಾಗಿ ಸ್ಪರ್ಧೆಯ ಬಾಳು ಮುಗಿಯುವ ಸಂಭವವಿತ್ತು. ಅವನು ಆರಿಸಿಕೊಂಡದ್ದು ತಲೆಬುರುಡೆಗೆ ಸ್ಕ್ರೂಗಳಿಂದ ಬಿಗಿದ ಲೋಹದ ಬಳೆಯನ್ನು. ಅದನ್ನು ಹೊತ್ತು ಮೂರು ತಿಂಗಳು. ಮಲಗುವುದಕ್ಕೂ ಆಗದ ಯಾತನೆ. 2018ರ ಏಪ್ರಿಲ್ಲಿನಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿದ, ಅಕ್ಟೋಬರಿನಲ್ಲಿ ಹವಾಯಿಗೆ ಮರಳಿ ಸ್ಪರ್ಧೆ ಮುಗಿಸಿದ. ಪತ್ರಿಕೆಗಳು ಇದನ್ನು ಎದೆಗಾರಿಕೆಯ ಕಥೆಯೆಂದು ವರ್ಣಿಸಿದವು. ಅದು ನಿಜ. ಆದರೆ ಕ್ರೀಡೆಯೇ ಉದ್ಯೋಗವಾಗಿದ್ದ, ದಿನವಿಡೀ ಚೇತರಿಕೆಗೇ ಮೀಸಲಾಗಿದ್ದ, ಪರಿಣತರು ಸುತ್ತ ನಿಂತಿದ್ದ ಅವನಿಗೂ ಒಂದು ವರ್ಷ ಹಿಡಿಯಿತು. ದಿನಕ್ಕೆ ಎಂಟು ಗಂಟೆ ಕಚೇರಿ, ಎರಡು ಗಂಟೆ ಲೋಕಲ್ ರೈಲು ಕಳೆದು ಉಳಿದ ವೇಳೆಯಲ್ಲಿ ಫಿಸಿಯೋಥೆರಪಿ ಮಾಡಿಸಿಕೊಳ್ಳುವ ವಡಾಲದ ಗೃಹಸ್ಥ ಆರು ತಿಂಗಳಲ್ಲಿ ಮುಗಿಸಬೇಕೆನ್ನುವುದು ಯಾವ ನ್ಯಾಯ?

ಹೋಗಲೇಬೇಕೆಂದು ಹಟ ಹಿಡಿದವರ ಕೊನೆಯ ಆಸರೆ ನೋವುನಿವಾರಕ ಮಾತ್ರೆ. ಇದರ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಮೂತ್ರಪಿಂಡಗಳಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಹದಿನಾರು ಗಂಟೆ ಬೆವರು ಸುರಿಸಿ ದೇಹ ಒಣಗಿದ ಸ್ಥಿತಿಯಲ್ಲಿ ಅದು ಮೂತ್ರಪಿಂಡಕ್ಕೆ ನೇರ ಪೆಟ್ಟು. ಒಣಗುವ ಭಯದಿಂದ ಮಿತಿಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ಅಂಶ ಕುಸಿದು ಪ್ರಜ್ಞೆ ತಪ್ಪುವ, ಪ್ರಾಣಕ್ಕೇ ಎರವಾಗುವ ಅಪಾಯವೂ ಇದೆ. ಈ ಮಾತ್ರೆಗಳು ಅದನ್ನೂ ಹೆಚ್ಚಿಸಬಲ್ಲವು. ಅಷ್ಟೇ ಅಲ್ಲದೆ, ನೋವನ್ನು ಅಡಗಿಸಿ ಓಡುವುದೆಂದರೆ ಲೆಕ್ಕ ಪರಿಶೋಧಕನನ್ನು ಕೋಣೆಯಲ್ಲಿ ಕೂಡಿಹಾಕಿ ಜಮಾಖರ್ಚಿನ ಪಟ್ಟಿಗೆ ಸಹಿ ಹಾಕಿದಂತೆ. ನಲವತ್ತು ದಾಟಿದವರು, ಗಾಯವಿರಲಿ ಇಲ್ಲದಿರಲಿ, ಹೆಸರು ಕೊಡುವ ಮುನ್ನವೇ ಹೃದಯದ ಪರೀಕ್ಷೆ ಮಾಡಿಸಿಕೊಳ್ಳುವುದು ವಿಹಿತ.

ವಿದೇಶವೆಂಬುದರಿಂದ ಬರುವ ತೊಡಕುಗಳೂ ಇವೆ. ಮುಂಬಯಿಯ ಕೊಳದ ಬೆಚ್ಚನೆಯ ನೀರಿನಲ್ಲಿ ಈಜಿ ಬೆಳೆದ ದೇಹ ಯುರೋಪಿನ ಸರೋವರದ ತಣ್ಣೀರಿಗೆ ಒಮ್ಮೆಲೇ ಬಿದ್ದಾಗ ಉಸಿರು ಕಟ್ಟಿದಂತಾಗುತ್ತದೆ. ಅಲ್ಲಿ ಸೈಕಲ್ಲು ರಸ್ತೆಯ ಬಲಬದಿಯಲ್ಲಿ ಓಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರಯಾಣ ವಿಮೆಯ ಪತ್ರದ ಸಣ್ಣ ಅಕ್ಷರಗಳನ್ನು ಓದುವವರೇ ಇಲ್ಲ. ಹಲವು ಪಾಲಿಸಿಗಳು ಸ್ಪರ್ಧಾತ್ಮಕ ಹಾಗೂ ಸಾಹಸ ಕ್ರೀಡೆಗಳಲ್ಲಿ ಆದ ಗಾಯವನ್ನು ಹೊರಗಿಡುತ್ತವೆ. ಮೊದಲೇ ಇದ್ದ ಗಾಯವನ್ನು ತಿಳಿಸದಿದ್ದರೆ ಪರಿಹಾರ ನಿರಾಕರಿಸುವ ಅಧಿಕಾರವನ್ನು ಕಾದಿರಿಸಿಕೊಂಡಿರುತ್ತವೆ. ಪರದೇಶದ ಆಸ್ಪತ್ರೆಯ ಬಿಲ್ಲು ಮಗಳ ಓದಿನ ಹಣವನ್ನು ನುಂಗುವುದಕ್ಕೆ ಒಂದು ರಾತ್ರಿ ಸಾಕು. ಆ ಮನೆಯಲ್ಲಿ ಓಡುವವನು ಒಬ್ಬನಾದರೂ ಪಣಕ್ಕೆ ಬಿದ್ದವರು ಮೂವರು.

ಈ ಒತ್ತಡದಲ್ಲಿ ಸಂಘಸಂಸ್ಥೆಗಳ ಪಾಲೂ ಇಲ್ಲದಿಲ್ಲ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಶಾಲು, ಹಾರ, ಫಲತಾಂಬೂಲ ಸಲ್ಲುವುದು ಪದಕ ತಂದವನಿಗೆ. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಮುದ್ರಿತವಾದ ಮೇಲೆ “ಈ ವರ್ಷ ಬೇಡ” ಎನ್ನಲು ಯಾವ ಸ್ವಾಭಿಮಾನಿಗೆ ನಾಲಗೆ ಏಳುತ್ತದೆ? ಮುಂಬಯಿಯ ಕನ್ನಡ ಸಂಘಗಳು ಮನಸ್ಸು ಮಾಡಿದರೆ ಇದನ್ನು ಸುಲಭವಾಗಿ ತಿದ್ದಬಹುದು. ಹೊರಡುವವರಿಗೆ ಬೀಳ್ಕೊಡುಗೆ ಸಮಾರಂಭ ಏರ್ಪಡಿಸುವುದನ್ನು ನಿಲ್ಲಿಸಲಿ. ಹಿಂದಿರುಗಿದ ಮೇಲೆ ಬೇಕಾದಷ್ಟು ಸನ್ಮಾನ ಮಾಡಲಿ. ಸಂಘದ ಸದಸ್ಯರಾದ ಮೂಳೆ ವೈದ್ಯರೂ ಫಿಸಿಯೋಥೆರಪಿ ಬಲ್ಲವರೂ ತಿಂಗಳಿಗೊಂದು ಭಾನುವಾರ ಈ ಓಟಗಾರರ ಕೀಲುಗಳನ್ನು ಪರೀಕ್ಷಿಸಿ ನಿಷ್ಠುರವಾಗಿ ಅಭಿಪ್ರಾಯ ನೀಡಲಿ. ವೈದ್ಯರ ಮಾತಿಗೆ ಓಗೊಟ್ಟು, ಕಟ್ಟಿದ ಶುಲ್ಕವನ್ನು ಬಿಟ್ಟುಕೊಟ್ಟು, ಈ ವರ್ಷ ವಡಾಲದಲ್ಲಿಯೇ ಉಳಿದವರು ಯಾರಾದರೂ ಇದ್ದರೆ ಅವರನ್ನೂ ಸಭೆಗೆ ಕರೆಯಲಿ. ಮುಂದಿನ ಸಾಲಿನಲ್ಲಿ ಇನ್ನೊಂದು ಕುರ್ಚಿ ಹಾಕಿಸುವುದರಿಂದ ಸಮಿತಿಯ ಖರ್ಚೇನೂ ಹೆಚ್ಚಾಗದು.