ಒಡ್ಡಿನಿಂದ ಆರಂಭವಾಗಲಿ

ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ ‘ಪರ್ಮಾಕಲ್ಚರ್’ ಅಥವಾ ಶಾಶ್ವತ ಕೃಷಿಯ ಮಾತೆತ್ತಿದರೆ ನಮ್ಮ ಕೊಪ್ಪಳ ಸೀಮೆಯಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ‘ಅದು ಪಟ್ಟಣದವರ ಶೋಕಿ’ ಎಂಬುದು ಒಂದು. ‘ಅದೆಲ್ಲ ನಮ್ಮ ಹಿರಿಯರಿಗೆ ತಿಳಿದಿದ್ದೇ’ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

ಶೋಕಿ ಎನ್ನುವವರು ಗಂಗಾವತಿಯ ಭತ್ತದ ಗದ್ದೆಗಳನ್ನು ತೋರಿಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ತಂದ ಸಮೃದ್ಧಿ ನಿಜ. ಆದರೆ ಅದೇ ಅಚ್ಚುಕಟ್ಟಿನಲ್ಲಿ ಅತಿ ನೀರಿನಿಂದ ಸವಳು-ಜವಳಾಗಿ ಕೆಟ್ಟ ಭೂಮಿಯೂ ಉಂಟು. ಹೂಳು ತುಂಬಿ, 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಆ ಹೂಳು ಮಳೆ ಕೊಚ್ಚಿ ತಂದ ಮಣ್ಣಲ್ಲದೆ ಮತ್ತೇನು?

ಯಲಬುರ್ಗಾ, ಕುಷ್ಟಗಿಯ ಬಹುಪಾಲು ಹೊಲಗಳಿಗಂತೂ ಮಳೆಯೇ ದಿಕ್ಕು. ಈ ಭಾಗದ ಶಾಲೆಗಳಲ್ಲಿ ಪಾಠ ಹೇಳಿದ ನಾನು, ಬೆಳೆ ಕೈಕೊಟ್ಟ ವರ್ಷ ಹಾಜರಿ ಪುಸ್ತಕ ಬರಿದಾಗುವುದನ್ನು ಕಂಡಿದ್ದೇನೆ. ಮಕ್ಕಳು ತಂದೆತಾಯಿಯೊಡನೆ ಗುಳೆ ಹೋಗಿರುತ್ತಿದ್ದರು. ಒಂದೇ ಬೆಳೆಯನ್ನು ನಂಬುವುದು ಜೂಜಲ್ಲವೇ?

ಇನ್ನು ಹಿರಿಯರ ಮಾತು. ಸಜ್ಜೆಯ ನಡುವೆ ತೊಗರಿ, ಮಡಕಿ, ಅಲಸಂದಿಯ ಅಕ್ಕಡಿ ಸಾಲು ಹಾಕುತ್ತಿದ್ದುದು ಸತ್ಯ. ಆದರೆ ಕಣಿಕೆಯೆಲ್ಲ ದನಗಳಿಗೆ ಹೋಗಿ, ಬೇಸಿಗೆಯಿಡೀ ಹೊಲ ಬೆತ್ತಲಾಗಿರುತ್ತಿತ್ತು. ಅಂದು ದನಗಳ ಗೊಬ್ಬರವಾದರೂ ಹೊಲಕ್ಕೆ ಮರಳುತ್ತಿತ್ತು. ಇಂದು ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಜಮೀನು ಪಾಲಾಗಿದೆ. ಹಳೆಯದನ್ನು ಹೊಗಳಿದ ಮಾತ್ರಕ್ಕೆ ಮಣ್ಣು ಫಲವತ್ತಾಗುವುದಿಲ್ಲ. ಹರಿವ ನೀರನ್ನು ನಿಲ್ಲಿಸುವುದು, ನೆಲವನ್ನು ಹೊದಿಸುವುದು, ಬೆಳೆಯೊಡನೆ ಮರವನ್ನು ಕೂಡಿಸುವುದು – ಇವನ್ನು ಒಂದೇ ಯೋಜನೆಯಾಗಿ ಹೆಣೆಯುವುದರಲ್ಲಿ ಹೊಸತನವಿದೆ.

ತೆಲಂಗಾಣದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ರೈತ ಮಹಿಳೆಯರು ಮಳೆಯಾಶ್ರಿತ ಹೊಲಗಳಲ್ಲೇ ಹತ್ತಾರು ಬೆಳೆ ಬೆರೆಸಿ ಬಿತ್ತುತ್ತಾರೆ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು. ಅವರೇನು ಪಟ್ಟಣದ ಶೋಕಿಯವರೇ?

ಆದರೆ ಶಿಬಿರ ನಡೆಸಿ ‘ನಾಳೆಯಿಂದಲೇ ಗೊಬ್ಬರದ ಚೀಲ ಬಿಡಿ’ ಎಂದು ಉಪದೇಶಿಸುವವರಿಗೂ ನನ್ನ ವಿರೋಧವಿದೆ. ಸಾಲದ ಕಂತು ಕಟ್ಟುವವರು ಅವರಲ್ಲ. ಎಂಟು ಎಕರೆಯ ಮನೆತನ ಒಂದು ಎಕರೆಯಿಂದ ಆರಂಭಿಸಲಿ. ಇಳಿಜಾರಿಗೆ ಅಡ್ಡಲಾಗಿ ಒಡ್ಡು, ಅದರ ಮೇಲೆ ನುಗ್ಗೆ, ಗೊಬ್ಬರದ ಗಿಡ. ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ. ನಡುವೆ ಅಕ್ಕಡಿ, ನೆಲಕ್ಕೆ ಕಸಕಡ್ಡಿಯ ಹೊದಿಕೆ. ಪಕ್ಕದ ಎಕರೆ ಎಂದಿನಂತೆಯೇ ಇರಲಿ. ಎರಡರ ಖರ್ಚು-ಆದಾಯವನ್ನೂ ಮನೆಯ ಮಕ್ಕಳ ಕೈಯಲ್ಲಿ ಬರೆಯಿಸಿ. ಮೂರು ವರ್ಷದ ಆ ಲೆಕ್ಕ ನೋಡಿ ಮನೆಯವರೆಲ್ಲ ಕೂತು ತೀರ್ಮಾನಿಸಲಿ. ಭಾಷಣಕಾರರ ಮಾತಿಗಿಂತ, ನನ್ನ ಮಾತಿಗಿಂತಲೂ, ಆ ಪುಸ್ತಕವೇ ಹೆಚ್ಚು ನಂಬಿಕೆಗೆ ಯೋಗ್ಯ.