ತೆರಿಗೆಗೆ ಮನೆ, ಅಡ್ವಾನ್ಸ್‌ಗೆ ಲಾಡ್ಜ್

ಪಿಜಿ ಮತ್ತು ಹಾಸ್ಟೆಲ್‌ಗಳ ಜಿಎಸ್‌ಟಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2025ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪನ್ನು ‘ವಿದ್ಯಾರ್ಥಿಗಳಿಗೆ ಸಿಕ್ಕ ದೊಡ್ಡ ಗೆಲುವು’ ಎಂದು ಕೊಂಡಾಡುವವರು ಇನ್ನೂ ಸುಮ್ಮನಾಗಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ತೀರ್ಪಿನಿಂದ ಬೆಂಗಳೂರಿನ ಯಾವ ವಿದ್ಯಾರ್ಥಿಯ ತಿಂಗಳ ಬಾಡಿಗೆಯೂ ಇಳಿಯಬೇಕಾದ ಕಾರಣವಿಲ್ಲ. ವಿದ್ಯಾರ್ಥಿಯ ತಾಪತ್ರಯ ತೆರಿಗೆಯದ್ದಲ್ಲ. ತಾನು ಮಲಗುವ ಕೋಣೆಯ ಮೇಲೆ ಅವನಿಗೆ ಕಾನೂನಿನಲ್ಲಿ ಹಕ್ಕೇ ಇಲ್ಲದಿರುವುದು ನಿಜವಾದ ತಾಪತ್ರಯ.

ಪ್ರಕರಣ ನಮ್ಮೂರಿನದ್ದೇ. 42 ಕೋಣೆಗಳ ಕಟ್ಟಡವೊಂದನ್ನು ಮಾಲೀಕರು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಕಂಪನಿ ಅದನ್ನು ವಿದ್ಯಾರ್ಥಿಗಳಿಗೆ, ಉದ್ಯೋಗಸ್ಥರಿಗೆ ಹಾಸ್ಟೆಲ್ ಆಗಿ ನಡೆಸುತ್ತಿತ್ತು. ಈ ಗುತ್ತಿಗೆ ವಾಸದ ಮನೆಯ ಗುತ್ತಿಗೆಯೋ, ವ್ಯಾಪಾರದ್ದೋ ಎಂಬುದಷ್ಟೇ ಪ್ರಶ್ನೆ. ಕೊನೆಗೆ ಅಲ್ಲಿ ಇರುವವರು ವಾಸಕ್ಕಾಗಿಯೇ ಇರುವುದರಿಂದ ಅದು ವಾಸದ ಬಳಕೆ ಎಂದು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತೀರ್ಪಿನಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿದವರಿಗೆ ವಾಸದ ಮನೆ ಬಾಡಿಗೆಗೆ ಕೊಟ್ಟರೆ ವಿನಾಯಿತಿ ಇಲ್ಲ ಎಂದು 2022ರ ಜುಲೈನಲ್ಲೇ ನಿಯಮ ಬದಲಾಗಿದೆ. ಅಂದರೆ ಈ ಗೆಲುವು ಬಹುಪಾಲು ಹಳೆಯ ಅವಧಿಯದ್ದು, ಅದೂ ಕಟ್ಟಡದ ಮಾಲೀಕರದ್ದು.

ವಿದ್ಯಾರ್ಥಿಗೆ ಸಂಬಂಧಿಸಿದ ವಿನಾಯಿತಿ ಬಂದದ್ದು ಬೇರೆ ದಾರಿಯಿಂದ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ, ಸತತ 90 ದಿನಗಳಿಗೆ ಕಡಿಮೆಯಿಲ್ಲದ ವಾಸ್ತವ್ಯಕ್ಕೆ ತೆರಿಗೆ ಬೇಡ ಎಂದು ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ತೀರ್ಮಾನಿಸಿತು. ಸಣ್ಣ ಪಿಜಿಗಳಂತೂ ಈ ಬಲೆಗೆ ಮೊದಲೂ ಬಿದ್ದಿರಲಿಲ್ಲ. ತಿಂಗಳಿಗೆ 8,000ದಂತೆ 20 ಹಾಸಿಗೆ ಎಂದಿಟ್ಟುಕೊಂಡರೆ ವರ್ಷದ ವಹಿವಾಟು 19.20 ಲಕ್ಷ. ನೋಂದಣಿಯ ಮಿತಿಯೇ 20 ಲಕ್ಷ. ಕಟ್ಟದೇ ಇದ್ದ ತೆರಿಗೆ ರದ್ದಾಯಿತೆಂದು ಸಿಹಿ ಹಂಚುವುದರಲ್ಲಿ ಅರ್ಥವಿಲ್ಲ.

20,000 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇದೆ. ಅದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಸಂಖ್ಯೆಯನ್ನು ಯಾರೂ ಎತ್ತುವುದಿಲ್ಲ. ಅದು 3,500.

1999ರ ಹೆಸರಿನಲ್ಲಿದ್ದು 2001ರ ಕೊನೆಗೆ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆಯ ಎರಡನೇ ಪ್ರಕರಣ ತೆರೆದು ನೋಡಿ. ಬೆಂಗಳೂರಿನಂಥ, ಪರಿಶಿಷ್ಟದ ‘ಎ’ ಭಾಗದ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಮನೆಗೆ ಕಾಯ್ದೆ ಅನ್ವಯಿಸುವುದಿಲ್ಲ. ಉಳಿದ ಕಡೆ ಗೆರೆ ಇನ್ನೂ ಕೆಳಗಿದೆ, 2,000. ದಿಲ್ಲಿಯ ಬಾಡಿಗೆ ನಿಯಂತ್ರಣ ಕಾಯ್ದೆಗೆ ಇದೇ 3,500ರ ಗೆರೆ ಸೇರಿದ್ದು 1988ರಲ್ಲಿ. ಇದಕ್ಕಿಂತ ಹೆಚ್ಚು ಬಾಡಿಗೆ ತೆರಬಲ್ಲವರು ಸ್ಥಿತಿವಂತರು, ತಮ್ಮ ಚೌಕಾಸಿ ತಾವೇ ಮಾಡಿಕೊಳ್ಳಬಲ್ಲರು, ಅವರಿಗೆ ಕಾನೂನಿನ ಆಸರೆ ಬೇಕಿಲ್ಲ ಎಂಬುದು ಈ ಗೆರೆಯ ಹಿಂದಿನ ಲೆಕ್ಕಾಚಾರ. ಆ ಕಾಲಕ್ಕೆ ಅದು ಒಪ್ಪುವ ಲೆಕ್ಕವೇ ಇದ್ದೀತು. ಈಗ ಬೆಂಗಳೂರಿನಲ್ಲಿ 3,500ಕ್ಕೆ ತ್ರೀ ಶೇರಿಂಗ್ ಕೋಣೆಯ ಒಂದು ಹಾಸಿಗೆ ಸಿಗುವುದೂ ಕಷ್ಟ.

ಎರಡು ಸಂಖ್ಯೆಗಳನ್ನು ಜೋಡಿಸಿ ಓದಿದಾಗ ಆಳುವವರ ಮನಸ್ಸು ತಿಳಿಯುತ್ತದೆ. ತಿಂಗಳಿಗೆ 20,000 ಕೊಡುವ ಹುಡುಗನೂ ತೆರಿಗೆ ಮಂಡಳಿಯ ಕಣ್ಣಿಗೆ ವಿನಾಯಿತಿಗೆ ತಕ್ಕ ಬಡವ. 3,501 ಕೊಡುವ ಹುಡುಗಿ ಬಾಡಿಗೆ ಕಾಯ್ದೆಯ ಕಣ್ಣಿಗೆ ರಕ್ಷಣೆಯೇ ಬೇಡದ ಸಾಹುಕಾರಳು. ರಾಯಚೂರಿನಿಂದ, ಯಾದಗಿರಿಯಿಂದ, ಚಿತ್ರದುರ್ಗದಿಂದ ಬಂದು ಬೆಂಗಳೂರಿನ ವಿಜಯನಗರದಲ್ಲಿ ಕೆಎಎಸ್‌ಗೆ ಓದುವವರು, ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ಕೋಣೆ ಹಿಡಿದವರು, ನರ್ಸಿಂಗ್ ವಿದ್ಯಾರ್ಥಿನಿಯರು ಹೆಚ್ಚುಕಡಿಮೆ ಎಲ್ಲರೂ ಈ ಎರಡು ಗೆರೆಗಳ ನಡುವೆಯೇ ಬರುತ್ತಾರೆ.

ಬಾಡಿಗೆ ಕಾಯ್ದೆ ಕೈಬಿಟ್ಟವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಂತೆ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನಗಳ ನೋಟಿಸ್ ಸಾಕು. ಪಿಜಿಯವರಿಗೆ ಅಷ್ಟೂ ಇಲ್ಲ. ಸೇರುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಸಾಮಾನ್ಯವಾಗಿ ಇರುವ ಸಾಲು ‘ಇದು ಬಾಡಿಗೆದಾರಿಕೆ ಅಲ್ಲ, ತಂಗಲು ಕೊಟ್ಟ ಅನುಮತಿ ಮಾತ್ರ’ ಎಂಬುದು. ಅನುಮತಿ ಕೊಟ್ಟವನು ಅದನ್ನು ಹಿಂದೆಗೆದುಕೊಳ್ಳಬಲ್ಲ. ಹಿಂದೆಗೆದುಕೊಂಡ ಮೇಲೆ, ಸಾಮಾನು ಸಾಗಿಸಲು ತಕ್ಕಷ್ಟು ಸಮಯ ಕೊಡಬೇಕು ಎಂಬುದೊಂದೇ ಆಸರೆ. ಆ ತತ್ವವೂ 1882ರ ಈಸ್‌ಮೆಂಟ್ ಕಾಯ್ದೆಯದ್ದು. ಮೆಸ್ ಊಟ, ವೈಫೈ, ವಾಷಿಂಗ್ ಮೆಷಿನ್ ಎಲ್ಲ ಈ ಶತಮಾನದ್ದಾದರೂ ಹುಡುಗನ ಹಕ್ಕು ಮಾತ್ರ ಬ್ರಿಟಿಷರ ಕಾಲದ್ದು. ತೆರಿಗೆ ಉಳಿಸಿಕೊಳ್ಳುವಾಗ ‘ಇದು ವಾಸದ ಮನೆ’ ಎನ್ನುವ ಉದ್ಯಮ, ಅಡ್ವಾನ್ಸ್ ವಾಪಸ್ ಕೇಳಿದಾಗ ‘ಇದು ಮನೆಯಲ್ಲ’ ಎನ್ನುತ್ತದೆ. ಈ ಇಬ್ಬಗೆಯ ಮಾತನ್ನು ಕೇಳುವವರೇ ಇಲ್ಲ.

ಅಡ್ವಾನ್ಸ್‌ನ ಲೆಕ್ಕ ನೋಡಿ. ನಾಲ್ವರು ವಿದ್ಯಾರ್ಥಿಗಳು ಸೇರಿ 24,000 ಬಾಡಿಗೆಯ ಎರಡು ಬೆಡ್‌ರೂಮಿನ ಮನೆ ಹಿಡಿದರು ಎಂದುಕೊಳ್ಳೋಣ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಹಳೆಯ ರೂಢಿ ಬಿಡಿ, ಆರು ತಿಂಗಳದ್ದೇ ಆದರೂ 1.44 ಲಕ್ಷ ಆಯಿತು, ತಲೆಗೆ 36,000. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಹಾಗಾದರೆ ತಲೆಗೆ 12,000. ನಡುವಿನ 24,000 ರೂಪಾಯಿ, ಊರಿನಲ್ಲಿ ಅಪ್ಪ ಸಾಲ ಎತ್ತಿ ಕಳಿಸಿದ ದುಡ್ಡು, ಓನರ್ ಕೈಯಲ್ಲಿ ಬಡ್ಡಿಯಿಲ್ಲದೆ ಕೂರುತ್ತದೆ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ. ಪಿಜಿಯಲ್ಲಾದರೆ ಅದರ ಹೆಸರು ಮೇಂಟೆನೆನ್ಸ್. ನೋಟಿಸ್ ಕೊಡುವುದು ನಾಲ್ಕು ದಿನ ತಡವಾದರೆ ಉಳಿದದ್ದೂ ಹೋಯಿತು. ವಿನಾಯಿತಿಗೆ ಮೊದಲಿದ್ದ ಶೇ 12ರ ಜಿಎಸ್‌ಟಿಯನ್ನು ಈ ಕಡಿತದ ಜೊತೆ ಹೋಲಿಸಿ. 8,000ದ ಹಾಸಿಗೆಗೆ ತೆರಿಗೆ ತಿಂಗಳಿಗೆ 960 ರೂಪಾಯಿ. ಬೀದಿಯಲ್ಲಿ ಗದ್ದಲವೆದ್ದದ್ದು ಅದಕ್ಕೆ ಮಾತ್ರ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದಿಲ್ಲ. ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, 2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ದೃಶ್ಯ 90 ದಿನ ಉಳಿಸಿಡುವುದು, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ. ಎಲ್ಲವೂ ಬೇಕಾದ್ದೇ. ಅಡ್ವಾನ್ಸ್, ರಸೀದಿ, ಹೊರಹಾಕುವ ಮುನ್ನ ಕೊಡಬೇಕಾದ ಗಡುವು ಇವುಗಳ ಬಗ್ಗೆ ಮಾತ್ರ ಚಕಾರವಿಲ್ಲ. 70 ಚದರಡಿಯ ಕತೆಯಾದರೂ ಏನು? ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ 120 ಚದರಡಿ. ನಿಯಮದಂತೆ ಅಲ್ಲಿ ಇಬ್ಬರಿಗೂ ಜಾಗ ಸಾಲದು. ಅಂಥ ಕೋಣೆಯಲ್ಲಿ ಮೂವರಿದ್ದಾರೆ ಎಂದು ದೂರು ಕೊಡುವ ಹುಡುಗಿಯನ್ನು ಮರುದಿನವೇ ಖಾಲಿ ಮಾಡು ಎಂದರೆ ತಡೆಯಲು ಕಾನೂನಿಲ್ಲ. ವಾಸವಿರುವವರಿಗೆ ಹಕ್ಕಿಲ್ಲದ ಕಡೆ ಸುರಕ್ಷತೆಯ ನಿಯಮವೂ ಜಾರಿಯಾಗದು. ದೂರು ಕೊಡುವವರೇ ಇಲ್ಲದ ಮೇಲೆ ಇನ್‌ಸ್ಪೆಕ್ಟರ್ ಬರುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತಿರುವಂಥದ್ದು. 2025ರಲ್ಲಿ ಬಾಡಿಗೆ ಕಾಯ್ದೆಯ ತಿದ್ದುಪಡಿ ಸುದ್ದಿಯಾದಾಗಲೂ ಜೈಲು ಶಿಕ್ಷೆ ಕೈಬಿಟ್ಟು ದಂಡ ಏರಿಸುವ ಸುತ್ತಲೇ ಚರ್ಚೆ ನಡೆಯಿತು. 3,500ರ ಮಾತೇ ಬರಲಿಲ್ಲ.

ಬಾಡಿಗೆಗೆ ಕಡಿವಾಣ ಹಾಕಿದರೆ ಮನೆಗಳೇ ಮಾರುಕಟ್ಟೆಗೆ ಬರುವುದಿಲ್ಲ ಎಂಬ ಆಕ್ಷೇಪ ಗೊತ್ತಿರುವುದೇ, ಅದರಲ್ಲಿ ಹುರುಳೂ ಇದೆ. ಅದಕ್ಕೇ 3,500 ಇದ್ದ ಕಡೆ 20,000 ಎಂದು ಬರೆದು ಕೈತೊಳೆದುಕೊಳ್ಳಿ ಎಂದು ಹೇಳುತ್ತಿಲ್ಲ. ಹಳೆಯ ಕಾಯ್ದೆಯ ಪ್ರಮಾಣಿತ ಬಾಡಿಗೆಯ ಲೆಕ್ಕವೂ ಜೊತೆಗೇ ಬಂದು ಓನರ್‌ಗಳು ಗೇಟು ಹಾಕಿಕೊಂಡಾರು. ಬಾಡಿಗೆ ಎಷ್ಟೆಂಬುದನ್ನು ಮಾರುಕಟ್ಟೆಯೇ ಹೇಳಲಿ. ಅಡ್ವಾನ್ಸ್ ಎಷ್ಟು, ಅದು ಯಾವಾಗ ವಾಪಸ್, ಎಷ್ಟು ದಿನ ಮೊದಲು ಹೇಳಿ ಬಿಡಿಸಬೇಕು ಎಂಬುದನ್ನು ಕಾನೂನು ಹೇಳಬೇಕು. ಪಕ್ಕದ ತಮಿಳುನಾಡು 2017ರಲ್ಲೇ ಹೊಸ ಬಾಡಿಗೆ ಕಾಯ್ದೆ ಮಾಡಿ ಠೇವಣಿಗೆ ಮೂರು ತಿಂಗಳ ಬಾಡಿಗೆಯ ಅಳತೆ ಇಟ್ಟಿತು. ಮಹಿಳೆಯರ ಮತ್ತು ಮಕ್ಕಳ ಹಾಸ್ಟೆಲ್‌ಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆಯನ್ನು ಅದಕ್ಕೂ ಮೊದಲು, 2014ರಲ್ಲಿ ತಂದಿತ್ತು. ಚೆನ್ನೈನಲ್ಲಿ ಅದರಿಂದ ಬಾಡಿಗೆ ಮನೆಗಳೇನೂ ಮಾಯವಾಗಿಲ್ಲ.

ಗ್ರಾಹಕರ ಆಯೋಗವಿದೆಯಲ್ಲ ಎನ್ನುವವರಿದ್ದಾರೆ. ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಕೋರ್ಸ್ ಮುಗಿಸಿ ಊರಿಗೆ ಮರಳಿದವನು 9,000 ರೂಪಾಯಿಗಾಗಿ ವಾಯಿದೆಗಳ ಹಿಂದೆ ಓಡಾಡಲಾರ ಎಂಬುದು ಓನರ್‌ಗೂ ಗೊತ್ತು. ವ್ಯವಹಾರ ನಿಂತಿರುವುದೇ ಆ ಧೈರ್ಯದ ಮೇಲೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬಾಡಿಗೆ ಕಾಯ್ದೆಯಲ್ಲಿ ಪಿಜಿ ಮತ್ತು ವಿದ್ಯಾರ್ಥಿ ವಸತಿಗೆ ಪ್ರತ್ಯೇಕ ಅಧ್ಯಾಯವೊಂದು ಬೇಕು. ಪಿಜಿಯ ಠೇವಣಿ ಒಂದು ತಿಂಗಳು, ಮನೆಯದ್ದು ಎರಡು ತಿಂಗಳು ಮೀರದಿರಲಿ. ಖಾಲಿ ಮಾಡಿದ 30 ದಿನಗಳೊಳಗೆ ಲೆಕ್ಕ ಚುಕ್ತಾ ಆಗಲಿ. ಕಡಿತಕ್ಕೆ ಬಿಲ್ ಇರಲಿ. ಬಿಡಿಸುವ ಮುನ್ನ ಒಂದು ತಿಂಗಳ ನೋಟಿಸ್ ಕಡ್ಡಾಯವಾಗಲಿ, ಪರೀಕ್ಷೆಯ ತಿಂಗಳಲ್ಲಿ ಎಬ್ಬಿಸುವಂತಿರಬಾರದು. ಇದನ್ನು ಮೀರಿದ ಪಿಜಿಯ ಉದ್ದಿಮೆ ಪರವಾನಗಿಯನ್ನು ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳು ನವೀಕರಿಸಬಾರದು. ಇದಕ್ಕೆ ಜಿಎಸ್‌ಟಿ ಮಂಡಳಿಯ ಸಭೆ ಬೇಕಿಲ್ಲ, ದಿಲ್ಲಿ ಮೊದಲ ಹೆಜ್ಜೆ ಇಡಲಿ ಎಂದು ಕಾಯಬೇಕಿಲ್ಲ. ಮಾಲೀಕ ಮತ್ತು ಬಾಡಿಗೆದಾರನ ಸಂಬಂಧ ಸಂವಿಧಾನದ ರಾಜ್ಯ ಪಟ್ಟಿಯ 18ನೇ ನಮೂದು. ಕೇಂದ್ರದ ಕಡೆ ಬೆರಳು ತೋರಿಸುವ ಅವಕಾಶ ವಿಧಾನಸೌಧಕ್ಕೆ ಇಲ್ಲಿ ಇಲ್ಲ.