ಹೊರಗಿನ ಬಂಡವಾಳಕ್ಕೆ ಮೊದಲು

ಮೈಸೂರು ಸೀಮೆಯ ಸೋದರಿಯೊಬ್ಬರು ನಮಗೆ ಕಾಗದ ಬರೆದು ಸಲಹೆಯೊಂದನ್ನು ಕೇಳಿರುವರು. ಅವರು ಮನೆಯಲ್ಲಿ ಚಟ್ನಿಪುಡಿ, ಸಾರಿನಪುಡಿಗಳನ್ನು ಮಾಡುತ್ತಾರೆ. ರುಚಿ ನೋಡಿದವರೆಲ್ಲರೂ ಇದನ್ನು ಅಂಗಡಿಗೇಕೆ ಕೊಡಬಾರದೆಂದು ಕೇಳುವರಂತೆ. ಯಂತ್ರಕ್ಕೂ ಬಾಡಿಗೆಯ ಮಳಿಗೆಗೂ 5 ಲಕ್ಷ ರೂಪಾಯಿ ಬೇಕು. ಅರ್ಧ ಪಾಲನ್ನು ಬರೆದುಕೊಟ್ಟರೆ ಅಷ್ಟನ್ನೂ ಹಾಕಲು ಪರಿಚಿತರೊಬ್ಬರು ಮುಂದೆ ಬಂದಿದ್ದಾರೆ. ಅದು ಬೇಡವೆಂದಾದರೆ ತಮ್ಮ ಒಡವೆಗಳನ್ನು ಒತ್ತೆಯಿಡುವ ಯೋಚನೆಯೂ ಇದೆ. ಎರಡರಲ್ಲಿ ಯಾವುದು ಮೇಲೆಂಬುದು ಅವರ ಪ್ರಶ್ನೆ.

ಸದ್ಯಕ್ಕೆ ಎರಡೂ ಬೇಡವೆಂಬುದೇ ನಮ್ಮ ಉತ್ತರ. ಉದ್ಯಮವೇ ಬೇಡವೆಂದು ನಾವು ಹೇಳುತ್ತಿಲ್ಲವೆಂಬುದನ್ನು ಸೋದರಿಯರು ಗಮನಿಸಬೇಕು.

1959ನೆಯ ಇಸವಿಯ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ತಾವು ವಾಸವಾಗಿದ್ದ ಕಟ್ಟಡದ ಮಾಳಿಗೆಯ ಮೇಲೆ ಕುಳಿತು ಹಪ್ಪಳವನ್ನು ಲಟ್ಟಿಸಿದರು. ಅವರ ಬಂಡವಾಳ 80 ರೂಪಾಯಿ. ಅದೂ ಛಗನಲಾಲ್ ಕರಮ್ಸಿ ಪಾರೇಖ್ ಎಂಬ ಸಮಾಜಸೇವಕರಿಂದ ತಂದ ಸಾಲ. ಮೊದಲ ದಿನ ಸಿದ್ಧವಾದುದು 4 ಕಟ್ಟು ಹಪ್ಪಳ. ಅದನ್ನು ಭುಲೇಶ್ವರದ ಪರಿಚಿತ ವ್ಯಾಪಾರಿಯೊಬ್ಬನಿಗೆ ಮಾರಿದರು. ನಷ್ಟವೇ ಬಂದರೂ ಯಾರ ಮುಂದೆಯೂ ದಾನಕ್ಕಾಗಿ ಕೈಯೊಡ್ಡಬಾರದೆಂದು ಅವರು ಮೊದಲಿನಲ್ಲಿಯೇ ನಿಶ್ಚಯಿಸಿಕೊಂಡಿದ್ದರು. ಇಂದು ಮನೆಮನೆಗೂ ತಿಳಿದಿರುವ ಲಿಜ್ಜತ್ ಹಪ್ಪಳದ ಹುಟ್ಟು ಇದು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು; ಸಂಸ್ಥೆಯಲ್ಲಿ ಈಗ 40,000ಕ್ಕೂ ಮಿಕ್ಕ ಸ್ತ್ರೀಯರು ದುಡಿಯುತ್ತಿದ್ದಾರೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 80 ರೂಪಾಯಿಯನ್ನೂ ಇಂದಿನ ವೈಭವವನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಗುಪಟ್ಟು ಸುಮ್ಮನಾಗುವರು. ನಮಗೆ ಹೆಚ್ಚಿನದಾಗಿ ತೋರುವುದು ನಡುವಣ ಮೊದಲ ವರ್ಷ. ಆ ಗೃಹಿಣಿಯರು ಆರಂಭದಲ್ಲಿ ಎರಡು ದರ್ಜೆಯ ಹಪ್ಪಳ ಮಾಡಿ, ಕೀಳಾದುದನ್ನು ಅಗ್ಗಕ್ಕೆ ಮಾರಲೆಣಿಸಿದ್ದರು. ಒಂದೇ ಬಗೆಯನ್ನು ಮಾಡಿರಿ, ಗುಣವನ್ನು ಬಿಡಬೇಡಿರಿ, ಲೆಕ್ಕವನ್ನು ಸರಿಯಾಗಿಡಿರಿ ಎಂದು ಪಾರೇಖರು ತಿದ್ದಿದರು. ಅಷ್ಟರಲ್ಲಿ ಮಳೆಗಾಲ ಬಂದಿತು. ಬಿಸಿಲಿಲ್ಲದೆ ಹಪ್ಪಳ ಒಣಗುವುದೆಂತು? ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಸ್ಟೌವನ್ನೂ ಕೊಂಡುಕೊಂಡರು. ಮಂಚದ ಮೇಲೆ ಹಪ್ಪಳವನ್ನು ಹರಡಿ, ಕೆಳಗೆ ಸ್ಟೌವನ್ನು ಹೊತ್ತಿಸಿಟ್ಟರು. ಮಳೆ ಸುರಿಯುತ್ತಿದ್ದರೂ ಹಪ್ಪಳ ಒಣಗಿತು. ಮೊದಲ ವರ್ಷದ ಒಟ್ಟು ಮಾರಾಟ 6,196 ರೂಪಾಯಿ.

ಇದೇ ಸ್ತ್ರೀಯರಿಗೆ ಮೊದಲ ದಿನವೇ ಯಾರಾದರೂ ಧನಿಕರು ದೊಡ್ಡ ಮೊತ್ತವನ್ನು ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಬೇಕು. ಮಳಿಗೆ ಬರುತ್ತಿತ್ತು, ಆಳುಗಳು ಬರುತ್ತಿದ್ದರು, ಎರಡು ದರ್ಜೆಯ ಹಪ್ಪಳವೂ ರಾಶಿ ಬೀಳುತ್ತಿತ್ತು. ಆಮೇಲೆ ಜೂನ್ ತಿಂಗಳು ಬರುತ್ತಿತ್ತು. ನಾಲ್ಕು ತಿಂಗಳ ಬಾಡಿಗೆಯನ್ನೂ ಸಂಬಳವನ್ನೂ ಸುಮ್ಮನೆ ಕುಳಿತು ತೆರಬೇಕಾಗುತ್ತಿತ್ತು. ಉದ್ಯಮವು ಚಿಕ್ಕದಾಗಿದ್ದುದರಿಂದಲೇ ಅದರ ತಪ್ಪುಗಳೂ ಅಗ್ಗಕ್ಕೆ ದೊರೆತವು. 80 ರೂಪಾಯಿ ಸಾಲವಾಗಿ ಬಂದುದೂ ಒಂದು ಭಾಗ್ಯವೇ ಸರಿ. ಸಾಲವು ತೀರುತ್ತದೆ, ಪಾಲು ತೀರುವುದಿಲ್ಲ.

ಈಗ ನಮ್ಮ ಸೋದರಿಯ ಪುಡಿಗೆ ಬರೋಣ. ನೆಂಟರಿಷ್ಟರು ಹೊಗಳಿದರೆಂಬುದು ಸಂತೋಷದ ಮಾತೇ ಆದರೂ ಅದನ್ನು ಪರೀಕ್ಷೆಯೆಂದು ಎಣಿಸಬಾರದು. ಪುಕ್ಕಟೆಯಾಗಿ ಬಂದ ಚಟ್ನಿಪುಡಿಯನ್ನು ನಿಂದಿಸುವಷ್ಟು ನಿಷ್ಠುರರು ನಮ್ಮಲ್ಲಿ ವಿರಳ. ಗುರುತುಪರಿಚಯವಿಲ್ಲದವರು ಪೂರ್ಣ ಕ್ರಯವನ್ನು ಕೊಟ್ಟು ಕೊಂಡು, ಡಬ್ಬಿ ಬರಿದಾದೊಡನೆ ತಾವಾಗಿಯೇ ಮತ್ತೆ ಕೇಳಿಕೊಂಡು ಬಂದರೆ ಅದು ಪರೀಕ್ಷೆ. ಮೊದಲ ಸಲದ ಮಾರಾಟಕ್ಕೆ ಕುತೂಹಲವೂ ದಾಕ್ಷಿಣ್ಯವೂ ಕಾರಣವಾಗಿರಬಹುದು. ಎರಡನೆಯ ಸಲಕ್ಕೆ ಪುಡಿಯೇ ಕಾರಣ. ಆದುದರಿಂದ ಒಂದು ಪುಸ್ತಕದಲ್ಲಿ ಯಾರು ಕೊಂಡರು, ಎಂದು ಕೊಂಡರು, ಮತ್ತೆ ಬಂದರೇ ಎಂಬ ಮೂರನ್ನು ಮಾತ್ರ ಆರು ತಿಂಗಳು ಬರೆದಿಡಲಿ.

ಕ್ರಯದ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಒಂದು ಕಿಲೋ ಪುಡಿಗೆ ಸಾಮಾನು 240 ರೂಪಾಯಿ ತಗಲಿ, ಮಾರುವ ಬೆಲೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ಲಾಭ 160 ಎಂದು ಮನಸ್ಸು ಹಿಗ್ಗುತ್ತದೆ. ಆದರೆ ಪೊಟ್ಟಣಕ್ಕೂ ಚೀಟಿಗೂ 20, ಗ್ಯಾಸಿಗೆ 15, ಆಟೋ ಬಾಡಿಗೆಗೆ 15, ಅಂಗಡಿಯವನು ಹಿಡಿದುಕೊಳ್ಳುವ ಪಾಲು 80 ಇವುಗಳನ್ನು ಕಳೆದರೆ ಉಳಿಯುವುದು 30 ರೂಪಾಯಿ. ಹುರಿದು, ಕುಟ್ಟಿ, ತುಂಬುವುದಕ್ಕೆ ಎರಡು ಗಂಟೆ ಹಿಡಿದರೆ ಗಂಟೆಗೆ 15 ರೂಪಾಯಿಯ ಕೂಲಿಯಾಯಿತು! ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟದಿರುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. ಆ ಅಭ್ಯಾಸವನ್ನು ವ್ಯಾಪಾರದೊಳಕ್ಕೂ ತಂದರೆ, ಮುಂದೆ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡ ದಿನವೇ ಲಾಭವು ಮಾಯವಾಗುವುದು. ಇಂತಹ ಲೆಕ್ಕದ ಮೇಲೆ ಯಂತ್ರವನ್ನು ತಂದರೆ ನಷ್ಟವೇ ಬೇಗ ಬೇಗ ತಯಾರಾಗುವುದಲ್ಲದೆ ಬೇರೇನಿಲ್ಲ. ಬೆಲೆಯನ್ನೇರಿಸಬೇಕೋ, ಅಂಗಡಿಯನ್ನು ಬಿಟ್ಟು ಮನೆಗಳಿಗೇ ಮಾರಬೇಕೋ ಎಂಬುದನ್ನು ಕೈಯಲ್ಲಿ ಮಾಡುತ್ತಿರುವಾಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಇಂದಿನ ಕಾಲದಲ್ಲಿ ಇದೆಲ್ಲ ನಡೆಯುವುದೇ ಎಂದು ಕೇಳುವವರಿರಬಹುದು. ಬೆಂಗಳೂರಿನಲ್ಲಿ ದೋಸೆಹಿಟ್ಟನ್ನು ಮಾರಿ ಹೆಸರಾದ ಐಡಿ ಫ್ರೆಶ್ ಸಂಸ್ಥೆಯನ್ನು ಅವರು ನೋಡಬೇಕು. ವಯನಾಡಿನವರಾದ ಮುಸ್ತಫಾ ಅವರೂ ಅವರ ಸೋದರಸಂಬಂಧಿಗಳೂ ಇದನ್ನು 50 ಚದರಡಿಯ ಅಡಿಗೆಮನೆಯಲ್ಲಿ, ಎರಡು ಗ್ರೈಂಡರುಗಳಿಂದ ಆರಂಭಿಸಿದರು. ದಿನಕ್ಕೆ 100 ಪೊಟ್ಟಣಗಳು ಮಾರಾಟವಾದ ಮೇಲೆಯೇ ಹೆಚ್ಚಿನ ಹಣ ಹಾಕುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಆ ಸಂಖ್ಯೆಯನ್ನು ಮುಟ್ಟುವುದಕ್ಕೆ ಒಂಬತ್ತು ತಿಂಗಳು ಹಿಡಿಯಿತೆಂದು ಮುಸ್ತಫಾ ಅವರೇ ಹೇಳಿದ್ದಾರೆ. ಹೊರಗಿನ ಹೂಡಿಕೆದಾರರಿಂದ ಅವರು 35 ಕೋಟಿ ರೂಪಾಯಿ ಪಡೆದುದು 2014ರಲ್ಲಿ, ಎಂದರೆ ಸುಮಾರು ಒಂಬತ್ತು ವರ್ಷಗಳ ಬಳಿಕ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಮೊದಲಾದ ಇನ್‌ಫೋಸಿಸ್ ಸಂಸ್ಥೆಯೂ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದುದು 1993ರಲ್ಲಿ.

ಕಾಯುವುದರಿಂದ ದೊರೆಯುವ ಲಾಭವನ್ನು ಅಂಕೆಗಳಲ್ಲಿಯೇ ಹೇಳೋಣ. ಇಂದು, ಬರಿಯ ರುಚಿಯ ಹೊರತು ತೋರಿಸಲು ಬೇರೇನೂ ಇಲ್ಲದಿರುವಾಗ, 5 ಲಕ್ಷಕ್ಕೆ ಅರ್ಧ ಪಾಲನ್ನು ಕೇಳುತ್ತಿದ್ದಾರೆ. ಎರಡು ವರ್ಷಗಳ ಲೆಕ್ಕದ ಪುಸ್ತಕವನ್ನೂ ಮತ್ತೆ ಮತ್ತೆ ಬರುವ ಗಿರಾಕಿಗಳನ್ನೂ ತೋರಿಸಬಲ್ಲವರಿಗೆ ಅದೇ ಹಣವು ಹತ್ತನೆಯ ಒಂದು ಪಾಲಿಗೆ ದೊರೆಯಿತೆನ್ನಿ. ಮುಂದೆ ವರ್ಷಕ್ಕೆ 6 ಲಕ್ಷ ಲಾಭ ಬರುವ ಕಾಲಕ್ಕೆ ಮೊದಲನೆಯ ಒಪ್ಪಂದದಲ್ಲಿ 3 ಲಕ್ಷವೂ ಎರಡನೆಯದರಲ್ಲಿ 60,000ವೂ ಪಾಲುದಾರರಿಗೆ ಸಲ್ಲುವುದು. ಅದೂ ಒಂದು ವರ್ಷವಲ್ಲ, ಪ್ರತಿವರ್ಷವೂ. ಇದಲ್ಲದೆ ಅರ್ಧ ಪಾಲಿನವರ ಒಪ್ಪಿಗೆಯಿಲ್ಲದೆ ಯಾವ ಮುಖ್ಯ ವಿಷಯವನ್ನೂ ತೀರ್ಮಾನಿಸುವಂತಿಲ್ಲ.

ಎಲ್ಲ ಉದ್ಯಮಗಳಿಗೂ ಈ ಮಾತು ಸಲ್ಲದು. ಔಷಧ ತಯಾರಿಕೆಯಂತಹವು ಮೊದಲ ದಿನವೇ ದೊಡ್ಡ ಬಂಡವಾಳವನ್ನು ಬೇಡುತ್ತವೆ. ಅಲ್ಲಿ ಪರರ ಹಣವನ್ನು ತರದೆ ಗತ್ಯಂತರವಿಲ್ಲ. ಒರಳು, ಬಾಣಲೆ, ಎರಡು ಕೈಗಳಿಂದ ಪರೀಕ್ಷಿಸಬಹುದಾದುದಕ್ಕೆ ಆ ನಿರ್ಬಂಧವಿಲ್ಲ.

ಒಡವೆಗಳು ಪೆಟ್ಟಿಗೆಯಲ್ಲಿಯೇ ಇರಲಿ. ಯಂತ್ರ ಬೇಕೇಬೇಕೆಂದು ತೋರುವವರೆಗೆ ಸಮೀಪದ ಗಿರಣಿಯಲ್ಲಿ ಕೂಲಿ ಕೊಟ್ಟು ಪುಡಿಮಾಡಿಸಿಕೊಳ್ಳಬಹುದು. ಅಂಗಡಿಗಳಿಗೆ ಉದ್ರಿ ಕೊಡುವುದಾದರೆ, ಪೂರ್ತಿಯಾಗಿ ಮುಳುಗಿದರೂ ತಿಂಗಳ ಮನೆಖರ್ಚಿಗೆ ಕುಂದಾಗದಷ್ಟನ್ನು ಮಾತ್ರ ಕೊಡಲಿ. ಪುಡಿಯ ಹಣಕ್ಕೆ ಬೇರೆ ಖಾತೆ ಇರಲಿ. ಹಾಲಿನವನ ಲೆಕ್ಕವನ್ನು ಅದರಿಂದ ತೀರಿಸಬಾರದು. ಮನೆಯಲ್ಲಿ ತಯಾರಿಸಿ ಮಾರುವ ತಿನಿಸುಗಳಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅವಶ್ಯಕ. ಪೊಟ್ಟಣದ ಮೇಲೆ ಸಾಮಾನುಗಳ ಹೆಸರು, ತೂಕ, ತಯಾರಿಸಿದ ದಿನಾಂಕಗಳನ್ನು ಅಚ್ಚುಹಾಕಿಸಬೇಕು. ಇದನ್ನು ಮೊದಲ ಪೊಟ್ಟಣವು ಮನೆಯ ಹೊಸ್ತಿಲು ದಾಟುವ ಮುನ್ನವೇ ಮಾಡಿಕೊಳ್ಳತಕ್ಕದ್ದು.